ಸ್ವಾವಲೋಕನ ದಿನಚರಿ

ಕೋರ್ಸೊಂದನ್ನು ಓದುತ್ತಿರುವವರು ತಾವು ಮಾಡಿದ ಕೆಲಸವನ್ನು ತಾವೇ ಮತ್ತೆ ನೋಡಿಕೊಂಡು ಬರೆಯುವ ಪುಸ್ತಕವೇ ಸ್ವಾವಲೋಕನ ದಿನಚರಿ. ಎಷ್ಟು ಗಂಟೆಗೆ ಶಾಲೆಗೆ ಹೋದೆ, ಯಾವ ಪಾಠ ಮಾಡಿದೆ ಎಂಬ ವರದಿ ಇದರಲ್ಲಿ ಇದ್ದರೂ ಇರಬಹುದು. ಆದರೆ ಎಲ್ಲಿ ತಪ್ಪಿತು, ಯಾಕೆ ತಪ್ಪಿತು, ನಾಳೆ ಏನು ಬದಲಿಸಬೇಕು ಎಂಬ ಯೋಚನೆ ಇಲ್ಲದಿದ್ದರೆ ಆ ಬರಹ ಈ ಹೆಸರಿಗೆ ಸಲ್ಲದು. ಕರ್ನಾಟಕದಲ್ಲಿ ಇದನ್ನು ಹೆಚ್ಚಾಗಿ ಬರೆಯುವವರು ಡಿ.ಎಲ್.ಎಡ್. ಮತ್ತು ಬಿ.ಎಡ್. ಪ್ರಶಿಕ್ಷಣಾರ್ಥಿಗಳು. ಅವರ ಬಾಯಲ್ಲಿ ಇದು ‘ರಿಫ್ಲೆಕ್ಟಿವ್ ಜರ್ನಲ್’, ಅಥವಾ ಬರೀ ‘ಜರ್ನಲ್’. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಮಟ್ಟಿಗೆ ಶಿಕ್ಷಕ ತರಬೇತಿಯ ಮುಖ್ಯ ನೆಲೆ ಕುಮಟಾ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯೂ (ಡಯಟ್) ಕಮಲಾ ಬಾಳಿಗಾ ಶಿಕ್ಷಣ ಮಹಾವಿದ್ಯಾಲಯವೂ ಅಲ್ಲಿವೆ.

ಶಾಲೆಯಲ್ಲಿ ದಿನಚರಿ ಬರೆಯುವ ಪದ್ಧತಿ ಹಳೆಯದು. ಅದರಲ್ಲಿ ಬರೆಯುವವರ ಯೋಚನೆಗೆ ಜಾಗ ಸಿಕ್ಕಿದ್ದು ಮಾತ್ರ ತೀರ ಈಚೆಗೆ. ಬ್ರಿಟನ್ನಿನ 1862ರ ಪರಿಷ್ಕೃತ ಶಿಕ್ಷಣ ಸಂಹಿತೆಯು ಸರಕಾರದ ಹಣ ಪಡೆಯುವ ಶಾಲೆಗಳ ಮುಖ್ಯೋಪಾಧ್ಯಾಯರು ಲಾಗ್ ಬುಕ್ ಇಡಬೇಕೆಂದು ವಿಧಿಸಿತು. ಹಾಜರಿ, ರಜೆ, ಕಾಯಿಲೆ, ತನಿಖೆಗೆ ಬಂದವರು ಎಲ್ಲವನ್ನೂ ಬರೆಯಬೇಕು. ಆದರೆ ಸಾಮಾನ್ಯ ಸ್ವರೂಪದ ಚಿಂತನೆಯನ್ನಾಗಲಿ ಅಭಿಪ್ರಾಯವನ್ನಾಗಲಿ ಅದರಲ್ಲಿ ಸೇರಿಸಕೂಡದು ಎಂಬ ನಿಯಮವೇ ಇತ್ತು. ಇವತ್ತು ಯಾವುದನ್ನು ಬರೆಯಿರಿ ಎಂದು ಅಂಕ ಕೊಡುತ್ತಾರೋ ಅದನ್ನೇ ಅಂದು ಬೇಡವೆಂದಿದ್ದರು. ಓದುವವನು ತನಿಖಾಧಿಕಾರಿ, ಬರೆಯುವವನು ಲೆಕ್ಕ ಒಪ್ಪಿಸುವವನು: ಶಾಲೆಯ ಬರವಣಿಗೆಗೆ ಈ ಸಂಬಂಧ ಅಂಟಿಕೊಂಡದ್ದು ಹೀಗೆ. ಮುಂದಿನ ಚರಿತ್ರೆಯೆಲ್ಲ ಇದರಿಂದ ಬಿಡಿಸಿಕೊಳ್ಳುವ ಪ್ರಯತ್ನವೇ ಎಂದರೆ ಹೆಚ್ಚಲ್ಲ.

ಅದೇ 1862ರಲ್ಲಿ ಉತ್ತರ ಕನ್ನಡ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಮುಂಬಯಿ ಪ್ರಾಂತ್ಯದ ಕನ್ನಡ ಶಾಲೆಗಳಿಗೆ ಮಾಸ್ತರರನ್ನು ತಯಾರು ಮಾಡುವ ಕೆಲಸದಲ್ಲಿ ಧಾರವಾಡದ ನಾರ್ಮಲ್ ಶಾಲೆಯದು ದೊಡ್ಡ ಹೆಸರು. ಅದನ್ನು ನಡೆಸಿದ ಚನ್ನಬಸಪ್ಪನವರನ್ನು ನಾಡು ಇಂದಿಗೂ ‘ಡೆಪ್ಯುಟಿ’ ಚನ್ನಬಸಪ್ಪ ಎಂದೇ ಕರೆಯುತ್ತದೆ. ಡೆಪ್ಯುಟಿ ಎಂದರೆ ಶಾಲಾ ತನಿಖಾಧಿಕಾರಿಯ ಹುದ್ದೆ. 1860ರ ದಶಕದ ‘ಮಠಪತ್ರಿಕೆ’ ಕನ್ನಡ ಮಾಸ್ತರರಿಗೆ ಓದುವುದಕ್ಕೂ ಬರೆಯುವುದಕ್ಕೂ ಒಂದು ಅಂಗಳ ಒದಗಿಸಿತು. ಆದರೂ ದಿನದಿನದ ಶಾಲಾ ಬರಹ ಎಂದರೆ ಹಾಜರಿ ಪುಸ್ತಕ, ಪಾಠ ಟಿಪ್ಪಣಿ, ಡೆಪ್ಯುಟಿ ಸಾಹೇಬರ ಷರಾ ಇಷ್ಟೇ ಆಗಿ ಬಹುಕಾಲ ಉಳಿಯಿತು.

ಬೇರೆ ದಾರಿ ತೆರೆದದ್ದು ಗಾಂಧೀಜಿ. ಆಶ್ರಮವಾಸಿಗಳು ದಿನಚರಿ ಬರೆಯಲೇಬೇಕೆಂದು ಅವರು ಪಟ್ಟು ಹಿಡಿದಿದ್ದರು. 1937ರ ಅಕ್ಟೋಬರಿನ ವಾರ್ಧಾ ಸಮ್ಮೇಳನದ ನಂತರ ರೂಪುಗೊಂಡ ಮೂಲ ಶಿಕ್ಷಣದಲ್ಲಿ ಮಕ್ಕಳೂ ಶಿಕ್ಷಕರೂ ದಿನದ ಕೆಲಸವನ್ನು ಬರೆದಿಡುವುದು ಪಾಠದ ಅಂಗವೇ ಆಯಿತು. ನೂತ ನೂಲಿನ ಲೆಕ್ಕದ ಜೊತೆಗೆ ಎಳೆ ಯಾಕೆ ಕಡಿಯಿತು ಎಂಬುದೂ ಬರಬೇಕು ಎನ್ನುವುದೇ ಕೈಕೆಲಸದ ಮೂಲಕ ಕಲಿಯುವ ಈ ವಿಧಾನದ ತಿರುಳು. ದಿನಚರಿಯನ್ನು ಒಬ್ಬ ಗುರು ಹೇಗೆ ಓದಬೇಕು ಎಂಬುದಕ್ಕೆ ಗಾಂಧೀಜಿಯವರ ಬಂಧು ಮನು ಗಾಂಧಿಯವರ ದಿನಚರಿ ಪುಸ್ತಕಗಳಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. 1943ರಲ್ಲಿ ಪುಣೆಯ ಆಗಾ ಖಾನ್ ಅರಮನೆಯ ಸೆರೆಯಲ್ಲಿದ್ದಾಗ ಗಾಂಧೀಜಿ ಆ ಹುಡುಗಿಗೆ ಪಾಠ ಹೇಳುತ್ತಿದ್ದರು. ದಿನಚರಿ ಬರೆಸಿದ್ದು ಆ ಓದಿನ ಭಾಗವಾಗಿ. ಬರೆದದ್ದನ್ನು ಅವರು ಓದಿ, ತಿದ್ದಿ, ಅಂಚಿನಲ್ಲಿ ‘ಬಾಪು’ ಎಂದು ಸಹಿ ಹಾಕುತ್ತಿದ್ದರು. ಕೋರ್ಸಿನ ದಿನಚರಿಯನ್ನು ಪರೀಕ್ಷಿಸುವ ಪ್ರಾಧ್ಯಾಪಕರು ಇದನ್ನೊಮ್ಮೆ ಗಮನಿಸಬೇಕು.

ಹೊರದೇಶಗಳಲ್ಲಿ ಇದಕ್ಕೆ ಸಿದ್ಧಾಂತದ ಬಲ ಬಂದದ್ದು ಅಮೆರಿಕದ ಜಾನ್ ಡ್ಯೂಯಿ ಅವರಿಂದ. ಅನುಭವವೊಂದರಿಂದಲೇ ಕಲಿಕೆಯಾಗದು, ಅದನ್ನು ಕೆದಕಿ ನೋಡಬೇಕು ಎಂಬ ವಿಚಾರಕ್ಕೆ ಅವರ 1910ರ ‘ಹೌ ವಿ ಥಿಂಕ್’ ಬುನಾದಿ. ಡೊನಾಲ್ಡ್ ಶ್ಯೋನ್ 1983ರಲ್ಲಿ, ಕೆಲಸದ ನಡುವೆಯೇ ಯೋಚಿಸುವುದು ಬೇರೆ, ಕೆಲಸ ಮುಗಿದ ಮೇಲೆ ಯೋಚಿಸುವುದು ಬೇರೆ ಎಂದು ವಿಂಗಡಿಸಿದರು. ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಸ್ವಾವಲೋಕನದ ಚಕ್ರ ನರ್ಸಿಂಗ್ ಕಾಲೇಜುಗಳ ತನಕ ಹಬ್ಬಿತು. ಭಾರತದಲ್ಲಿ ದೆಹಲಿ ವಿಶ್ವವಿದ್ಯಾಲಯ 1994ರಲ್ಲಿ ಆರಂಭಿಸಿದ ನಾಲ್ಕು ವರ್ಷದ ಬಿ.ಎಲ್.ಎಡ್. ಕೋರ್ಸು ಜರ್ನಲ್ ಬರವಣಿಗೆಗೆ ಗಟ್ಟಿ ಸ್ಥಾನ ಕೊಟ್ಟಿತು.

ಕರ್ನಾಟಕದಲ್ಲಿ 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಶಿಕ್ಷಕರೇ ಸಾಮಗ್ರಿ ಕಟ್ಟಿ, ತರಗತಿಯಲ್ಲಿ ಪ್ರಯೋಗಿಸಿ, ಮತ್ತೆ ಕೂತು ತಿದ್ದಿದ ಕಾರ್ಯಕ್ರಮ. ಮುಂದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂದಾಗ ಪಾಠ ಯೋಜನೆಯ ಕೋಷ್ಟಕದ ಕೊನೆಯಲ್ಲಿ ‘ಶಿಕ್ಷಕರ ಸ್ವಾವಲೋಕನ’ ಎಂಬ ಕಾಲಂ ಸೇರಿತು. ಬೆರಳಗಲದ ಆ ಜಾಗದಲ್ಲಿ ‘ಪಾಠ ತೃಪ್ತಿಕರ’ ಎಂಬುದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಆದರೂ ಡ್ಯೂಯಿಯ ವಿಚಾರ ನಮ್ಮ ಸರಕಾರಿ ಶಾಲೆಯ ನಮೂನೆಯೊಳಗೆ ಕಾಲಿಟ್ಟದ್ದು ಅಲ್ಲಿಯೇ. 2009ರ ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮತ್ತು 2012ರ ನ್ಯಾಯಮೂರ್ತಿ ವರ್ಮಾ ಆಯೋಗದ ವರದಿಯ ಬೆನ್ನಿಗೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ಹೊಸ ನಿಯಮ ತಂದಿತು. ಬಿ.ಎಡ್. ಎರಡು ವರ್ಷದ್ದಾಯಿತು, ಶಾಲಾ ಇಂಟರ್ನ್‌ಶಿಪ್ 20 ವಾರಕ್ಕೆ ಏರಿತು, ತನ್ನನ್ನು ತಾನು ಅರಿಯುವ ಒಂದು ಪತ್ರಿಕೆಯೇ ಪಠ್ಯಕ್ರಮಕ್ಕೆ ಬಂತು. ಜರ್ನಲ್ ಈಗ ಅಂಕವಿರುವ ಕೆಲಸವಾಯಿತು.

ಇದು ಏನು ಮಾಡಬಲ್ಲದು ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಭಟ್ಕಳದ ಮಾವಿನಕುರ್ವೆಯಂಥ ಬಂದರಿನ ಊರಿನ ಶಾಲೆ. ಪ್ರಶಿಕ್ಷಣಾರ್ಥಿ ಹಲಗೆಯ ಮೇಲೆ ಲೆಕ್ಕ ಬರೆಯುತ್ತಾಳೆ: ಬೇಳೆ ಕಿಲೋಗೆ 100 ರೂಪಾಯಿ, ಎರಡೂ ಮುಕ್ಕಾಲು ಕಿಲೋಗೆ ಎಷ್ಟು? ಹುಡುಗನಿಗೆ ಬರುವುದಿಲ್ಲ. ಲೆಕ್ಕ ಒಪ್ಪಿಸುವ ದಿನಚರಿಯಾದರೆ ‘ಭಿನ್ನರಾಶಿಯಲ್ಲಿ ಕೆಲವರು ಹಿಂದಿದ್ದಾರೆ, ಪರಿಹಾರ ಬೋಧನೆ ಕೈಗೊಳ್ಳಲಾಗುವುದು’ ಎಂದು ಮುಗಿಯುತ್ತಿತ್ತು. ಆದರೆ ಮಧ್ಯಾಹ್ನ ಊಟದ ಹೊತ್ತಿಗೆ ಅದೇ ಹುಡುಗ ಬಂದರಿನ ದರ ಹೇಳುವುದನ್ನು ಅವಳು ಕೇಳುತ್ತಾಳೆ. ಈ ಕರಾವಳಿಯಲ್ಲಿ ಬಂಗಡೆ ಮಾರುವುದು ತೂಕದಲ್ಲಲ್ಲ, ನೂರು ರೂಪಾಯಿಗೆ ಇಷ್ಟು ಎಂದು ಎಣಿಸಿ. ನೂರಕ್ಕೆ ಎಂಟಾದರೆ 22 ಬಂಗಡೆಗೆ ಎಷ್ಟೋ ಎಂದು ಕೇಳಿದರೆ ಹದಿನಾರಕ್ಕೆ ಇನ್ನೂರು, ನಾಲ್ಕಕ್ಕೆ ಐವತ್ತು, ಎರಡಕ್ಕೆ ಇಪ್ಪತ್ತೈದು, ಇನ್ನೂರೆಪ್ಪತ್ತೈದು ಎನ್ನುತ್ತಾನೆ. ಎಂಟಕ್ಕೆ ನೂರಾದರೆ ಇಪ್ಪತ್ತೆರಡು ಎಂದರೆ ನೂರರ ಎರಡೂ ಮುಕ್ಕಾಲು ಪಾಲೇ. ಹಲಗೆಯ ಮೇಲಿದ್ದ ಲೆಕ್ಕವೂ ಅದೇ, ಉತ್ತರವೂ ಅದೇ. ಇದನ್ನು ರಾತ್ರಿ ಕೂತು ಬರೆಯುವಾಗ ಅವಳ ಪ್ರಶ್ನೆಯೇ ಬದಲಾಗುತ್ತದೆ: ಹುಡುಗನಿಗೆ ಬರುವ ಭಿನ್ನರಾಶಿಯನ್ನು ನನ್ನ ಹಲಗೆ ಯಾಕೆ ಮುಟ್ಟಲಿಲ್ಲ? ಮರುದಿನದ ಪಾಠ ಬಂಗಡೆಯಿಂದ ಶುರುವಾಗುತ್ತದೆ. ಮನೆಯಲ್ಲಿ ಕೊಂಕಣಿ, ನವಾಯತಿ, ಕನ್ನಡ ಹೀಗೆ ಬೇರೆ ಬೇರೆ ನುಡಿಯಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಈ ತಾಲೂಕಿನಲ್ಲಿ ಭಾಷಾ ಪಾಠಕ್ಕೂ ಇಂಥ ಬರವಣಿಗೆ ಬೇಕು.

ಪದ್ಧತಿಗೆ ಹಿಡಿದ ರೋಗವೂ ಎಲ್ಲರಿಗೂ ಗೊತ್ತಿರುವುದೇ. ಅಂಕ ಸಿಗುವುದು ಪುಟ ತುಂಬಿದ್ದಕ್ಕೆ ಎಂದಾದಾಗ ಹಿಂದಿನ ಬ್ಯಾಚಿನ ಜರ್ನಲ್ ಕೈಯಿಂದ ಕೈಗೆ ಹೋಗುತ್ತದೆ, ಇಂಟರ್ನ್‌ಶಿಪ್ಪಿನ ಕೊನೆಯ ವಾರ ಒಂದೇ ಪೆನ್ನಿನಲ್ಲಿ ಎಲ್ಲ ವಾರಗಳ ಅನುಭವ ಇಳಿಯುತ್ತದೆ. ತಪ್ಪನ್ನು ಒಪ್ಪಿಕೊಂಡರೆ ಅಂಕ ಹೋಗುತ್ತದೆಂಬ ಭಯವಿದ್ದಲ್ಲಿ ಯಾರೂ ತಪ್ಪನ್ನು ಬರೆಯರು. ಇದಕ್ಕೆ ವಿದ್ಯಾರ್ಥಿಗಳನ್ನು ದೂರುವುದು ಅನ್ಯಾಯ. ಸಹಿ ಹಾಕಿ ಮುಚ್ಚಿಡುವ ಓದುಗನಿಗೆ ಅವರು ಸಹಿಗೆ ತಕ್ಕದ್ದನ್ನೇ ಬರೆಯುತ್ತಾರೆ. ಅಂಚಿನಲ್ಲಿ ಒಂದು ಪ್ರಶ್ನೆ ಬರೆದು ಪುಸ್ತಕ ಹಿಂತಿರುಗಿಸುವ ಮಾರ್ಗದರ್ಶಿ ಸಿಕ್ಕವರ ಬರಹ ಕೆಲವೇ ವಾರಗಳಲ್ಲಿ ಬೇರೆಯಾಗುತ್ತದೆ. ಮಕ್ಕಳ ಹೆಸರು, ಮನೆಯ ಕಷ್ಟ ಈ ಪುಟಗಳಲ್ಲಿ ಬರುವುದರಿಂದ ಹೆಸರು ಬದಲಿಸಿ ಬರೆಯುವುದು ಕಡ್ಡಾಯವಾಗಬೇಕು.

ಶಿಕ್ಷಕ ತರಬೇತಿಯ ಆಚೆ ಇದು ಈಚೆಗೆ ಗಟ್ಟಿಯಾಗಿ ನೆಲೆಯೂರಿದ್ದು ವೈದ್ಯಕೀಯ ಶಿಕ್ಷಣದಲ್ಲಿ. 2019ರಲ್ಲಿ ಸೇರಿದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಂದ ದೇಶದಾದ್ಯಂತ ಸಾಮರ್ಥ್ಯಾಧಾರಿತ ಪಠ್ಯಕ್ರಮ ಜಾರಿಯಾಯಿತು. ರೋಗಿಯೊಡನೆ ಮಾತು, ನಡತೆ, ನೀತಿಗಳನ್ನು ಕಲಿಸುವ ಭಾಗವೂ ಅದರಲ್ಲಿದೆ. ಆ ತರಗತಿಗಳ ನಂತರ ವಿದ್ಯಾರ್ಥಿಗಳು ಲಾಗ್ ಬುಕ್ಕಿನಲ್ಲಿ ತಮ್ಮ ಸ್ವಾವಲೋಕನ ಬರೆಯುತ್ತಾರೆ. ಏನಾಯಿತು, ಅದರಿಂದ ಏನು ತಿಳಿಯಿತು, ಮುಂದೇನು ಎಂಬ ಮೂರು ಪ್ರಶ್ನೆಗಳಲ್ಲಿ ಅದನ್ನು ಬರೆಯುವ ಸರಳ ಕ್ರಮ 1970ರಲ್ಲಿ ಟೆರ್ರಿ ಬಾರ್ಟನ್ ಎಂಬ ಅಮೆರಿಕದ ಶಿಕ್ಷಕ ರೂಪಿಸಿದ್ದಕ್ಕೆ ತೀರ ಹತ್ತಿರದ್ದು. ಒಂದು ಕಾಲಕ್ಕೆ ಚಿಂತನೆಗೆ ಜಾಗವೇ ಇಲ್ಲದಿದ್ದ ಲಾಗ್ ಬುಕ್ಕಿಗೆ ಅದು ಈಗ ಪರೀಕ್ಷಕರು ತಪ್ಪದೆ ಕೇಳುವ ಪುಟವಾಗಿ ಬಂದಿದೆ.