ಮೊಗಸಾಲೆಯಲ್ಲಿ ನಿಂತವರು ಯಾರು?

ಲಾಬಿ ಅನ್ನುವುದಕ್ಕೆ ಕನ್ನಡದಲ್ಲಿ ಮೊಗಸಾಲೆ ಅನ್ನುತ್ತಾರೆ. ಶಾಸನಸಭೆಯ ಒಳಗೂ ಅಲ್ಲದ, ಪೂರ್ತಿ ಹೊರಗೂ ಅಲ್ಲದ ಜಾಗ ಅದು. ಅಲ್ಲಿ ನಿಂತು ಶಾಸಕರ ಕಿವಿಯಲ್ಲಿ ಮಾತಾಡುವವನೇ ಲಾಬಿಕೋರ. ಸಂಬಳ ಕೊಟ್ಟವರಿಗೆ ಬೇಕಾದ ಹಾಗೆ ಕಾನೂನು ತಿದ್ದಿಸುವುದು ಅವನ ಕಸುಬು.

ಅಮೆರಿಕದಲ್ಲಿ ಇದು ರಾಜಾರೋಷವಾಗಿ ನಡೆಯುವ ವೃತ್ತಿ. ನಿನ್ನೆಯ ಶಾಸಕ ಇವತ್ತು ಲಾಬಿಕೋರ, ನಾಳೆ ಕಂಪನಿಯ ನಿರ್ದೇಶಕ. ಇದು ಕೈಮೀರಿ ಹೋಯಿತು ಅಂತ ಅವರೇ ಕಟ್ಟು ಹಾಕಿಕೊಂಡರು. 1995ರ ಕಾನೂನಿನ ಪ್ರಕಾರ ಲಾಬಿಕೋರ ತನ್ನ ಹೆಸರು, ತನಗೆ ದುಡ್ಡು ಕೊಡುವವರ ಹೆಸರು ಬರೆಸಬೇಕು. 2007ರ ಕಾನೂನು ಬಂದ ಮೇಲೆ ಸೆನೆಟರ್ ಆಗಿದ್ದವನು ಎರಡು ವರ್ಷ ತನ್ನ ಹಳೇ ಮನೆಯವರ ಹತ್ತಿರ ಲಾಬಿಗೆ ಹೋಗುವಂತಿಲ್ಲ. ನಮ್ಮಲ್ಲಿ? ಐಎಎಸ್ ಅಧಿಕಾರಿ ನಿವೃತ್ತನಾಗಿ ಒಂದು ವರ್ಷದೊಳಗೆ ಖಾಸಗಿ ಕಂಪನಿ ಸೇರಬೇಕಾದರೆ ಸರ್ಕಾರದ ಅಪ್ಪಣೆ ಬೇಕು. ಶಾಸಕನಿಗೆ ಒಂದು ದಿನದ ತಡೆಯೂ ಇಲ್ಲ. ಲಾಬಿಕೋರರ ಹೆಸರು ಬರೆಸುವ ಕಾನೂನಂತೂ ಇಲ್ಲವೇ ಇಲ್ಲ.

ಗೆಳೆಯರೇ, ಇದು ವಾಷಿಂಗ್ಟನ್ನಿನ ಕತೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಈ ಮೂರು ತಾಲೂಕುಗಳ ಚರಿತ್ರೆ ನೋಡಿದರೆ ಸಂಬಂಧ ಗೊತ್ತಾಗುತ್ತೆ. ಇಲ್ಲಿ ಶಾಸಕ ಸಭೆಯಿಂದ ಹೊರಗೆ ಬಂದು ಲಾಬಿಕೋರ ಆಗಬೇಕಾದ ಅಗತ್ಯವೇ ಬಿದ್ದಿಲ್ಲ. ಭೂಮಿ ಇದ್ದವರ ಮಾತು ಮೊದಲ ದಿನದಿಂದಲೂ ಸಭೆಯ ಒಳಗೇ ಕೂತಿತ್ತು.

1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾಪ್ರತಿನಿಧಿ ಸಭೆ ಸೇರಿಸಿದಾಗ ಸದಸ್ಯರು 144 ಮಂದಿ. ಭೂಮಾಲೀಕರು, ವ್ಯಾಪಾರಿಗಳು. ಸಭೆಯ ಹೆಸರು ಪ್ರಜಾಪ್ರತಿನಿಧಿ. ಪ್ರಜೆ ಅಂದರೆ ಪಟ್ಟೆ ಇದ್ದವನು. ಉಳುವವನು, ಹೊರುವವನು, ಅಡಿಕೆ ಸುಲಿಯುವವಳು ಪ್ರಜೆಯ ಲೆಕ್ಕದಲ್ಲೇ ಇರಲಿಲ್ಲ. 1893ರಲ್ಲಿ ದಕ್ಷಿಣ ಭಾರತದ ತೋಟಗಾರರೆಲ್ಲ ಕೂಡಿ ಉಪಾಸಿ ಎಂಬ ಸಂಘ ಕಟ್ಟಿಕೊಂಡರು. ಕಾಫಿ, ಚಹಾ ತೋಟದವರು ಒಂದೇ ದನಿಯಲ್ಲಿ ಸರ್ಕಾರದ ಹತ್ತಿರ ಮಾತಾಡುವುದಕ್ಕೆ ಆಗಲೇ ಕಲಿತಿದ್ದರು. ಅದೇ ತೋಟದ ಕೂಲಿಯವರು ಆಗ ಮೇಸ್ತ್ರಿಯ ಮುಂಗಡ ಸಾಲದಲ್ಲಿ ಬಿದ್ದಿದ್ದರು.

ಸ್ವಾತಂತ್ರ್ಯ ಬಂತು, ಎಲ್ಲರಿಗೂ ಓಟು ಬಂತು. ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು: ಕಡಿದಾಳ್ ಮಂಜಪ್ಪ. ಪಕ್ಕದ ತೀರ್ಥಹಳ್ಳಿ ತಾಲೂಕಿನವರು, ಶೃಂಗೇರಿ ಕ್ಷೇತ್ರದಿಂದಲೂ ವಿಧಾನಸಭೆಗೆ ಹೋದವರು. 1956ರಲ್ಲಿ ಎರಡು ತಿಂಗಳು ಚಿಲ್ಲರೆ ದಿನ ಮುಖ್ಯಮಂತ್ರಿ. ಆದರೆ ಅವರ ಕೆಲಸ ಇರುವುದು ಕಂದಾಯ ಖಾತೆಯಲ್ಲಿ. 1952ರ ಗೇಣಿ ಕಾಯ್ದೆ, 1954 ಮತ್ತು 1955ರ ಇನಾಂ ರದ್ದತಿ ಕಾಯ್ದೆಗಳು ಆ ಕಾಲದವು. ಮಠದ ಜಹಗೀರಿನ ಕೆಳಗೆ ತಲೆಮಾರುಗಟ್ಟಲೆ ಬದುಕಿದ ಶೃಂಗೇರಿ ಸೀಮೆಗೆ ಧಾರ್ಮಿಕ ಇನಾಂ ರದ್ದತಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. 1961ರ ಭೂಸುಧಾರಣಾ ಕಾಯ್ದೆಯ ಹಿಂದೆಯೂ ಮಂಜಪ್ಪನವರ ದುಡಿಮೆ ಇದೆ. ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ.

ಮಂಜಪ್ಪ ಅಧಿಕಾರವನ್ನು ವ್ಯಾಪಾರ ಮಾಡಿಕೊಂಡವರಲ್ಲ. ಅವರು ಬಿಟ್ಟು ಹೋದದ್ದರಲ್ಲಿ ಒಂದು ಆತ್ಮಕತೆ ಇದೆ. ಅದರ ಹೆಸರು 'ನನಸಾಗದ ಕನಸು'. 1992ರಲ್ಲಿ ತೀರಿಕೊಂಡರು.

ಆದರೆ ಅದೇ ಕಾಯ್ದೆಯ 104ನೇ ಕಲಂ ಓದಿ. ಏಲಕ್ಕಿ, ಕಾಫಿ, ಮೆಣಸು, ರಬ್ಬರ್, ಚಹಾ ಬೆಳೆಯುವ ಪ್ಲಾಂಟೇಶನ್ನಿಗೆ ಭೂಮಿತಿ ಇಲ್ಲ. ಗದ್ದೆಗೆ ಮಿತಿ ಉಂಟು, ತೋಟಕ್ಕೆ ಮಿತಿ ಇಲ್ಲ. ಇದು ಒಬ್ಬ ಮಂತ್ರಿಯ ತಲೆಯಲ್ಲಿ ಹುಟ್ಟಿದ್ದಲ್ಲ. ಎರಡನೇ ಪಂಚವಾರ್ಷಿಕ ಯೋಜನೆಯೇ ಚಹಾ, ಕಾಫಿ, ರಬ್ಬರ್ ತೋಟಗಳನ್ನು ಮಿತಿಯಿಂದ ಹೊರಗಿಡಿ ಅಂತ ಹೇಳಿತ್ತು. ತೋಟ ತುಂಡಾದರೆ ಇಳುವರಿ ಬೀಳುತ್ತೆ, ವಿದೇಶಿ ವಿನಿಮಯ ಹೋಗುತ್ತೆ ಅನ್ನುವುದು ವಾದ. ಕೇರಳದ ಕಾಯ್ದೆಯಲ್ಲೂ ಇದೇ ವಿನಾಯಿತಿ. ಅಂದರೆ ಮೊಗಸಾಲೆ ಬೆಂಗಳೂರಲ್ಲಿ ಮಾತ್ರ ಇರಲಿಲ್ಲ, ದಿಲ್ಲಿಯಲ್ಲೂ ಇತ್ತು. ಪ್ರಾಮಾಣಿಕನ ಕೈಯಿಂದ ಬಂದ ಕಾನೂನಿನೊಳಗೂ ಆ ಒಂದು ಕಲಂ ಕೂತುಬಿಟ್ಟಿತು.

ಆ ಕಲಮಿನ ಬೆಲೆ ತೆತ್ತವರು ಯಾರು? 1974ರಲ್ಲಿ ದೇವರಾಜ ಅರಸು ಸರ್ಕಾರ ಕಾಯ್ದೆಯನ್ನು ಬಿಗಿ ಮಾಡಿತು. ಮಾರ್ಚ್ 1ರಿಂದ ಗೇಣಿ ಭೂಮಿಯೆಲ್ಲ ಸರ್ಕಾರದ್ದಾಯಿತು, ಭೂನ್ಯಾಯಮಂಡಳಿಗಳು ಬಂದವು, ಪ್ರತಿ ಮಂಡಳಿಯಲ್ಲೂ ಪರಿಶಿಷ್ಟರ ಒಬ್ಬ ಸದಸ್ಯ ಇರಲೇಬೇಕೆಂದಾಯಿತು. ಎಷ್ಟೋ ಗೇಣಿದಾರರು ಅಂದು ತಲೆಯೆತ್ತಿ ನಿಂತರು. ಅದನ್ನು ಸಣ್ಣದು ಅನ್ನಲಾರೆ. ಆದರೆ ಮಲೆನಾಡಿನ ಹೊಲೆಯ ಮಾದಿಗರಲ್ಲಿ ಗೇಣಿಗೆ ಭೂಮಿ ಸಿಕ್ಕವರು ಎಷ್ಟು ಜನ? ನಮ್ಮವರು ತೋಟದ ಆಳು, ಕೂಲಿ. ಗೇಣಿ ಚೀಟಿ ಇದ್ದವನು ಅರ್ಜಿ ಹಾಕಿದ. ಬೆನ್ನ ಮೇಲೆ ಬಾಸುಂಡೆ ಮಾತ್ರ ಇದ್ದವನು ಯಾವ ದಾಖಲೆ ತೋರಿಸಬೇಕಿತ್ತು? ಉಳುವವನೇ ಒಡೆಯ ಅಂದರು. ಅಗೆಯುವವನು, ಕೊಯ್ಯುವವಳು, ಮರ ಹತ್ತುವವನು ಆ ಘೋಷಣೆಯೊಳಗೆ ಬರಲಿಲ್ಲ.

ತಲೆಯ ಮೇಲಿನ ಸೂರೂ ಅಷ್ಟೆ. 1951ರ ತೋಟ ಕಾರ್ಮಿಕರ ಕಾಯ್ದೆ ದೊಡ್ಡ ತೋಟದವನು ಕೂಲಿಯವರಿಗೆ ಮನೆ ಕೊಡಬೇಕು ಅಂದಿತು. ಕೊಟ್ಟದ್ದು ಲೈನು ಮನೆ. ಕೆಲಸದ ಜೊತೆ ಬಂದ ಮನೆ ಕೆಲಸದ ಜೊತೆಗೇ ಹೋಗುತ್ತೆ. ಸೊಂಟ ಬಿದ್ದ ದಿನ ರೈಟ್ರು ಬಂದು ಬೀಗದ ಕೈ ಕೇಳ್ತಾರೆ. ನಲವತ್ತು ವರ್ಷ ದುಡಿದ ಅಜ್ಜಿ ಎಲ್ಲಿಗೆ ಹೋಗಬೇಕು?

ಇನ್ನೊಬ್ಬರ ಹೆಸರು ಹೇಳುತ್ತೇನೆ: ಕೊಪ್ಪದ ಎಚ್.ಜಿ. ಗೋವಿಂದೇಗೌಡರು. 1983ರಲ್ಲಿ ಜನತಾ ಪಕ್ಷದಿಂದ ಶೃಂಗೇರಿ ಕ್ಷೇತ್ರ ಗೆದ್ದವರು, 1994ರಿಂದ 1999ರವರೆಗೆ ಶಿಕ್ಷಣ ಮಂತ್ರಿ. ಅವರ ಕಾಲದಲ್ಲಿ ಲಕ್ಷದ ಸುಮಾರು ಶಿಕ್ಷಕರ ನೇಮಕ ಆಯಿತು. ದುಡ್ಡಿಲ್ಲ, ಶಿಫಾರಸಿಲ್ಲ, ಅಂಕಪಟ್ಟಿ ಮತ್ತು ಮೀಸಲಾತಿ, ಅಷ್ಟೆ. ಅಲ್ಲಿಯವರೆಗೆ ಮೇಷ್ಟ್ರ ಕೆಲಸ ಅಂದರೆ ಶಾಸಕರ ಮನೆ ಜಗಲಿಯಲ್ಲಿ ಕೂತು ಪತ್ರ ಬರೆಸಿಕೊಳ್ಳುವುದು ಅಂತ ಜನ ತಿಳಿದಿದ್ದರು. ಜಗಲಿಗೂ ಮೊಗಸಾಲೆಗೂ ವ್ಯತ್ಯಾಸ ಏನಿದೆ? ಎರಡೂ ಕಡೆ ಹಕ್ಕನ್ನು ಉಪಕಾರ ಮಾಡಿಬಿಡುತ್ತಾರೆ. ಆ ನೇಮಕಾತಿ ಜಗಲಿಗೆ ಬೀಗ ಹಾಕಿತು. ನನಗೆ ಅಕ್ಷರ ಹೇಳಿಕೊಟ್ಟ ಟೀಚರು ಹಾಗೆ ಬಂದವರು, ಅವರ ಮನೆಯಲ್ಲೂ ಅವರೇ ಮೊದಲ ನೌಕರಿಯವರು. ನಮ್ಮ ಮನೆಯಲ್ಲಿ ಪದವಿ ಕಂಡ ಮೊದಲ ತಲೆ ನನ್ನದು. ಆದ್ದರಿಂದ ಈ ಲೆಕ್ಕ ನನಗೆ ಬರೀ ಲೆಕ್ಕ ಅಲ್ಲ.

ಗೋವಿಂದೇಗೌಡರು 1999ರಲ್ಲಿ ಚುನಾವಣೆಯ ರಾಜಕೀಯ ಬಿಟ್ಟರು. ಮಂತ್ರಿಗಿರಿಯ ಗುರುತನ್ನು ಯಾವ ಕಂಪನಿಗೂ ಮಾರಿಕೊಳ್ಳಲಿಲ್ಲ. 2016ರ ಜನವರಿಯಲ್ಲಿ ತೀರಿಕೊಂಡಾಗ ಮಲೆನಾಡ ಗಾಂಧಿ ಅಂತ ಜನ ನೆನೆದರು.

ನಾನು ಹೇಳಬೇಕೆಂದದ್ದು ಇಲ್ಲಿದೆ. ಈ ಇಬ್ಬರೂ ಕೈ ಶುದ್ಧ ಇಟ್ಟುಕೊಂಡು ಹೊರಗೆ ಬಂದವರು. ಆದರೂ ಒಂದು ಕಡೆ ನಮಗೆ ಸಿಕ್ಕಿತು, ಇನ್ನೊಂದು ಕಡೆ ಸಿಗಲಿಲ್ಲ. ಯಾಕೆ? ನೌಕರಿಯ ವಿಷಯದಲ್ಲಿ ಮೊಗಸಾಲೆಯನ್ನು ಮುಚ್ಚುವ ನಿಯಮ ಬಂತು. ಭೂಮಿಯ ವಿಷಯದಲ್ಲಿ ನಿಯಮದೊಳಗೇ ಮೊಗಸಾಲೆ ಬಂತು. ಒಳ್ಳೆಯವರನ್ನು ಆರಿಸಿ ಕಳಿಸಿದರೆ ಸಾಕು ಅಂತ ನಮಗೆ ಪಾಠ ಮಾಡುತ್ತಾರೆ. ಒಳ್ಳೆಯವರು ಬೇಕು. ಆದರೆ ಒಳ್ಳೆಯವನ ಖಾಲಿ ಕೈ ನೋಡಿ ನಮ್ಮ ಹೊಟ್ಟೆ ತುಂಬುವುದಿಲ್ಲ.

ಆಮೇಲಿನ ಕತೆ ನೋಡಿ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ಕಿತ್ತರು. ಬೇಸಾಯಗಾರನಲ್ಲದವನೂ, ಎಷ್ಟೇ ವರಮಾನ ಇದ್ದವನೂ ಬೇಸಾಯದ ಭೂಮಿ ಕೊಳ್ಳಬಹುದು ಅಂತಾಯಿತು. 2022ರಲ್ಲಿ ಭೂಕಂದಾಯ ಕಾಯ್ದೆಗೆ ಇನ್ನೊಂದು ತಿದ್ದುಪಡಿ. 2005ರ ಜನವರಿ 1ಕ್ಕೆ ಮೊದಲು ಸರ್ಕಾರಿ ಭೂಮಿ ಒತ್ತುವರಿ ಮಾಡಿ ಕಾಫಿ, ಏಲಕ್ಕಿ, ಮೆಣಸು ಹಾಕಿದವರಿಗೆ 25 ಎಕರೆವರೆಗೆ, 30 ವರ್ಷ ಗುತ್ತಿಗೆ. ಬೆಳೆಗಾರರ ಸಂಘಗಳು ಬಹಳ ವರ್ಷದಿಂದ ಕೇಳುತ್ತಿದ್ದದ್ದು ಇದೇ. ಒತ್ತುವರಿದಾರರಲ್ಲಿ ಎಕರೆ ಎರಡೆಕರೆಯ ಬಡವರೂ ಇದ್ದಾರೆ, ಅವರ ಅನ್ನಕ್ಕೆ ನಾನು ಕಲ್ಲು ಹಾಕುವುದಿಲ್ಲ. ಆದರೆ 25 ಎಕರೆ ಯಾವ ಬಡವನ ಅಳತೆ? ಬಗರ್‌ಹುಕುಂ ಸಾಗುವಳಿದಾರನಿಗೆ ಇರುವುದೂ ಸೇರಿ 4 ಎಕರೆ 38 ಗುಂಟೆ ಮೀರುವಂತಿಲ್ಲ. ನಮೂನೆ 50 ಆಯಿತು, 53 ಆಯಿತು, 57 ಆಯಿತು. ಅಪ್ಪ ಹಾಕಿದ ಅರ್ಜಿಗೆ ಮಗ ಅಲೆಯುತ್ತಿದ್ದಾನೆ. ಒಬ್ಬನ ಒತ್ತುವರಿಗೆ ಗುತ್ತಿಗೆ ಅಂತ ಹೆಸರು, ಇನ್ನೊಬ್ಬನದಕ್ಕೆ ಅಕ್ರಮ ಅಂತ ಹೆಸರು.

ಶೃಂಗೇರಿ ಸಾಮಾನ್ಯ ಕ್ಷೇತ್ರ. ಇಲ್ಲಿ ನಮ್ಮ ಓಟು ಎಣಿಕೆಗೆ ಬರುತ್ತೆ, ನಮ್ಮ ಮಾತು ಮೊಗಸಾಲೆಗೆ ಬರೋದಿಲ್ಲ. ಹಾಗಾಗಿ ಓಟು ಕೇಳಲು ಬಂದವರನ್ನು ಕೈ ಶುದ್ಧ ಇದೆಯಾ ಅಂತ ಕೇಳಿ ಬಿಟ್ಟರೆ ಸಾಲದು. ಸಭೆ ಬಿಟ್ಟ ಮೇಲೆ ಯಾರ ಕೆಲಸಕ್ಕೆ ಹೋಗುತ್ತೀರಿ ಅಂತ ಕೇಳಬೇಕು. ಯಾವ ಕಾನೂನಿಗೆ ಯಾರು ಬಂದು ಮಾತಾಡಿದರು ಅಂತ ಬರೆದಿಡುವ ಪುಸ್ತಕ ಕೇಳಬೇಕು. ಲೈನು ಮನೆಯ ಅಡಿಪಾಯದ ನೆಲ ಅದರೊಳಗೆ ಬದುಕಿದವರ ಹೆಸರಿಗೆ ಬರೆಯಿರಿ ಅಂತ ಕೇಳಬೇಕು. ಇಪ್ಪತ್ತೈದು ಎಕರೆಗೆ ಕಾನೂನು ಬಗ್ಗುವುದಾದರೆ, ಮೂರು ಅಂಕಣದ ಗೂಡಿಗೆ ಯಾಕೆ ಬಗ್ಗಬಾರದು?