ಕೀಲಿನ ಆಯುಸ್ಸು, ಮನುಷ್ಯನ ವಯಸ್ಸು

ಕನ್ನಡದಲ್ಲಿ ‘ಕೀಲು’ ಎಂಬುದು ಅರ್ಥಸಂಪನ್ನವಾದ ಮಾತು. ಬಂಡಿಯ ಚಕ್ರ ಕಳಚದಂತೆ ಅಚ್ಚಿಗೆ ಹೊಡೆಯುವುದೂ ಕೀಲೇ. ಬಾಗಿಲು ತಿರುಗುವುದೂ ಕೀಲಿನ ಮೇಲೆಯೇ. ಮೊಣಕಾಲು ಮಡಿಚುವುದೂ ಕೀಲಿನಲ್ಲಿಯೇ. ಒಂದರ ಮೇಲೊಂದು ಉಜ್ಜುವ ವಸ್ತುಗಳ ನಡುವೆ ಜಾರಿಕೆಯಿಲ್ಲದಿದ್ದರೆ ಅವು ಸವೆದು ಹಾಳಾಗುತ್ತವೆ ಎಂಬುದು ಬಂಡಿಗೆ ಕೀಲೆಣ್ಣೆ ಹಾಕುವ ರೈತನಿಗೆ ಗೊತ್ತಿದ್ದ ಸಂಗತಿ. ಶಸ್ತ್ರವೈದ್ಯರಿಗೆ ಅದು ಮನದಟ್ಟಾಗಲು ಬಹುಕಾಲ ಹಿಡಿಯಿತು. ಕೆಟ್ಟ ಕೀಲನ್ನು ತೆಗೆದು ಹೊಸದನ್ನು ಕೂಡಿಸುವ ಶಸ್ತ್ರಚಿಕಿತ್ಸೆಯ ಚರಿತ್ರೆ ಬಹುಮಟ್ಟಿಗೆ ಈ ಸವೆತದ ಚರಿತ್ರೆಯೇ ಆಗಿದೆ.

ಇದು ಮುದುಕರ ಚಿಕಿತ್ಸೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಯಸ್ಸಾದಂತೆ ಮಂಡಿ ಸವೆಯುವುದು ಒಂದು ಬಗೆ. ಆದರೆ ಆಮವಾತ, ಅಂದರೆ ರುಮಟಾಯ್ಡ್ ಸಂಧಿವಾತ, ವಯಸ್ಸನ್ನು ಕಾಯುವುದಿಲ್ಲ. ದೇಹದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಉಬ್ಬಿದ ಆ ಪೊರೆ ಮೃದ್ವಸ್ಥಿಯನ್ನೂ ಮೂಳೆಯನ್ನೂ ತಿನ್ನುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಾಲು ಹೆಚ್ಚು. ನನ್ನ ತಂಗಿಗೆ ಇಪ್ಪತ್ತಾರನೆಯ ವಯಸ್ಸಿನಲ್ಲಿ ಈ ರೋಗ ಹಿಡಿಯಿತು. ಮೂವತ್ತೆಂಟಕ್ಕೆ ಎರಡು ಮೊಣಕಾಲೂ ನೆಟ್ಟಗಾಗದ ಸ್ಥಿತಿ. “ಇನ್ನೂ ಚಿಕ್ಕ ವಯಸ್ಸಮ್ಮಾ, ಐವತ್ತೈದಾದರೂ ಆಗಲಿ” ಎಂದು ವೈದ್ಯರೊಬ್ಬರು ಹೇಳಿ ಕಳುಹಿಸಿದರು. “ಅಲ್ಲಿಯವರೆಗೆ ನಾನೇನು ಮಾಡಲಿ, ಅಣ್ಣಾ?” ಎಂದು ಅವಳು ನನ್ನನ್ನು ಕೇಳಿದಳು. ಸಾಹಿತ್ಯ ಪಾಠ ಹೇಳುವವನು ವೈದ್ಯಚರಿತ್ರೆಯ ಪುಸ್ತಕಗಳಿಗೆ ಕೈಹಾಕಿದ್ದು ಆ ಪ್ರಶ್ನೆಯಿಂದ. ಅಲ್ಲಿ ಕಂಡದ್ದು ನಾನು ಎಣಿಸಿದ್ದಕ್ಕೆ ತೀರ ವಿರುದ್ಧವಾಗಿತ್ತು. ಈ ಚಿಕಿತ್ಸೆ ಮೊದಲು ಹುಟ್ಟಿದ್ದು ಎಳೆಯರಿಗಾಗಿಯೇ.

೧೮೯೦ರಲ್ಲಿ ಬರ್ಲಿನ್ ನಗರದ ಥೆಮಿಸ್ಟೋಕ್ಲಿಸ್ ಗ್ಲುಕ್ ಎಂಬ ವೈದ್ಯನು ಆನೆಯ ದಂತದಿಂದ ಮಾಡಿದ ಮಂಡಿಯೊಂದನ್ನು ರೋಗಿಯ ಕಾಲಿನಲ್ಲಿ ಕೂಡಿಸಿದನು. ರೋಗಿ ಹದಿನೇಳು ವರ್ಷದ ಹುಡುಗಿ; ಅವಳ ಕೀಲನ್ನು ಕ್ಷಯ ತಿಂದಿತ್ತು. ಗ್ಲುಕ್ ಕೂಡಿಸಿದ ದಂತದ ಕೀಲುಗಳು ಸೋಂಕು ತಗುಲಿ ನಿಲ್ಲಲಿಲ್ಲ. ಕಲ್ಪನೆ ಸರಿಯಾಗಿತ್ತು, ಕಾಲ ಕೂಡಿಬಂದಿರಲಿಲ್ಲ.

ಮುಂದಿನ ದೊಡ್ಡ ಹೆಜ್ಜೆ ೧೯೩೮ರದು. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಫಿಲಿಪ್ ವೈಲ್ಸ್ ಎಂಬ ಶಸ್ತ್ರವೈದ್ಯನು ಸೊಂಟದ ಕೀಲಿನ ಬಟ್ಟಲು, ಗುಂಡು ಎರಡನ್ನೂ ತುಕ್ಕುಹಿಡಿಯದ ಉಕ್ಕಿನಲ್ಲಿ ಮಾಡಿಸಿ ಆರು ಮಂದಿಗೆ ಕೂಡಿಸಿದನು. ಇಡೀ ಕೀಲನ್ನು ಬದಲಿಸಿದ ಮೊದಲ ಪ್ರಯತ್ನಗಳಲ್ಲಿ ಇದನ್ನು ಎಣಿಸುತ್ತಾರೆ. ಆ ಆರು ಮಂದಿಯೂ ಸ್ಟಿಲ್ ರೋಗದವರು. ಎಂದರೆ ಬಾಲ್ಯದಲ್ಲಿಯೇ ಬರುವ ಸಂಧಿವಾತದಿಂದ ಊನಗೊಂಡವರು. ಇವರಿಗೆ ‘ಕಾದು ನೋಡಿ’ ಎನ್ನುವುದರಲ್ಲಿ ಅರ್ಥವಿರಲಿಲ್ಲ. ಆದರೆ ತಿರುಪು ಹಾಕಿ ಬಿಗಿದ ಉಕ್ಕು ಮೂಳೆಯಲ್ಲಿ ನಿಲ್ಲದೆ ಸಡಿಲವಾಯಿತು. ಯುದ್ಧಕಾಲದಲ್ಲಿ ದಾಖಲೆಗಳೂ ಕಳೆದುಹೋದವು.

ಈ ಕಥೆಯ ನಾಯಕನೆನ್ನಬಹುದಾದವನು ಜಾನ್ ಚಾರ್ನ್ಲಿ (೧೯೧೧–೧೯೮೨). ಲ್ಯಾಂಕಷೈರಿನ ರೈಟಿಂಗ್ಟನ್ ಎಂಬಲ್ಲಿ, ಹಿಂದೆ ಕ್ಷಯರೋಗಿಗಳಿಗಾಗಿ ಇದ್ದ ಆಸ್ಪತ್ರೆಯಲ್ಲಿ, ಆತನ ಪ್ರಯೋಗಶಾಲೆಯಿತ್ತು. ಅಕ್ರಿಲಿಕ್ ಗುಂಡನ್ನು ಹಾಕಿಸಿಕೊಂಡಿದ್ದ ರೋಗಿಯೊಬ್ಬನ ಸೊಂಟ ಬಾಗಿದಾಗಲೆಲ್ಲ ಕಿರ್ರೆನ್ನುತ್ತಿತ್ತಂತೆ. ಕೀಲೆಣ್ಣೆ ಕಾಣದ ಬಂಡಿಯ ಆ ಸದ್ದೇ ಚಾರ್ನ್ಲಿಯನ್ನು ಘರ್ಷಣೆಯ ಅಭ್ಯಾಸಕ್ಕೆ ಹಚ್ಚಿತು. ಆತ ಉಕ್ಕಿನ ಗುಂಡನ್ನು ಸಣ್ಣದು ಮಾಡಿದನು. ಅದನ್ನು ಜಾರಿಕೆಯುಳ್ಳ ಟೆಫ್ಲಾನ್ ಬಟ್ಟಲಿನಲ್ಲಿಟ್ಟನು. ದಂತವೈದ್ಯರಿಗೆ ಪರಿಚಿತವಾದ ಅಕ್ರಿಲಿಕ್ ಸಿಮೆಂಟಿನಿಂದ ಮೂಳೆಗೆ ಬಂಧಿಸಿದನು. ೧೯೫೮ರಿಂದ ಸುಮಾರು ಮುನ್ನೂರು ಮಂದಿಗೆ ಈ ಕೀಲು ಬಿತ್ತು. ನೋವು ಮಾಯವಾಯಿತು, ಜನ ನಡೆದರು. ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ಸವೆದು, ಅದರ ಪುಡಿ ಸುತ್ತಲಿನ ಮಾಂಸವನ್ನು ಕೆರಳಿಸಿತು. ಚಾರ್ನ್ಲಿ ತನ್ನ ತೊಡೆಗೇ ಆ ಪುಡಿಯನ್ನು ಸೇರಿಸಿಕೊಂಡು ಪರೀಕ್ಷಿಸಿದನು; ಸೇರಿಸಿದ ಕಡೆ ಗಂಟು ಕಟ್ಟಿತು. ತಾನು ಹಾಕಿದ ಕೀಲುಗಳನ್ನು ತಾನೇ ಬಿಚ್ಚಬೇಕಾಗಿ ಬಂದ ವೈದ್ಯನ ಮನಃಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬಹುದು.

ಪರಿಹಾರ ಬಂದದ್ದು ಬಟ್ಟೆಯ ಗಿರಣಿಯ ಕಡೆಯಿಂದ. ೧೯೬೨ರಲ್ಲಿ ವ್ಯಾಪಾರಿಯೊಬ್ಬನು ಮಗ್ಗದ ಹಲ್ಲುಚಕ್ರಗಳಿಗೆ ಬಳಸುತ್ತಿದ್ದ ಗಟ್ಟಿ ಪಾಲಿಥಿಲೀನಿನ ತುಂಡನ್ನು ಪ್ರಯೋಗಶಾಲೆಗೆ ತಂದನು. ಚಾರ್ನ್ಲಿ ಅದನ್ನು ಲಕ್ಷಿಸಲಿಲ್ಲ. ಯಂತ್ರದ ಕೆಲಸಗಾರನಾದ ಹ್ಯಾರಿ ಕ್ರೇವನ್ ಮಾತ್ರ ಸುಮ್ಮನಿರದೆ ಅದನ್ನು ಸವೆತದ ಯಂತ್ರಕ್ಕೆ ಹಾಕಿದನು. ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟೂ ಅದು ಮೂರು ವಾರಗಳಲ್ಲಿ ಸವೆದಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಹೊಸ ಬಟ್ಟಲು ಮೊದಲ ರೋಗಿಯ ಸೊಂಟ ಸೇರಿತು.

‘ವಯಸ್ಸಾಗಲಿ’ ಎಂಬ ನಿಯಮ ಹುಟ್ಟಿದ್ದು ಇಲ್ಲಿ. ಮುನ್ನೂರು ಮಂದಿಯ ಕಹಿ ಉಂಡಿದ್ದ ಚಾರ್ನ್ಲಿ ತನ್ನ ಕೀಲನ್ನು ಮುಖ್ಯವಾಗಿ ವೃದ್ಧರಿಗೇ ಮೀಸಲಿಡಬೇಕೆಂದನು. ಹೊಸ ಪ್ಲಾಸ್ಟಿಕ್ಕು ಎಷ್ಟು ವರ್ಷ ಬಾಳುವುದೆಂದು ಯಾರಿಗೂ ತಿಳಿಯದು. ರೋಗಿಯ ಆಯುಸ್ಸು ಅದಕ್ಕಿಂತ ಮೊದಲೇ ಮುಗಿದರೆ ಎರಡನೆಯ ಶಸ್ತ್ರಕ್ರಿಯೆ ಬೇಡವಲ್ಲವೆ? ಆದರೆ ಸಂಧಿವಾತದಿಂದ ಜರ್ಜರಿತರಾದ ಎಳೆಯರಿಗೆ ಆತ ವಿನಾಯಿತಿ ಕೊಟ್ಟನು. ಹಲವು ಕೀಲು ಕೆಟ್ಟವರ ಓಡಾಟವೇ ಕಡಮೆ, ಆದ್ದರಿಂದ ಸವೆತವೂ ಕಡಮೆ ಎಂಬುದು ಆತನ ತರ್ಕ. ನಿಯಮವನ್ನು ಮಾಡಿದವನೇ ಇಟ್ಟುಕೊಂಡಿದ್ದ ಈ ಬಾಗಿಲನ್ನು ಮುಂದೆ ನಿಯಮವನ್ನು ಮಾತ್ರ ಕಲಿತವರು ಮರೆತರೆಂದು ತೋರುತ್ತದೆ.

ಮರೆಯದವರೂ ಇದ್ದರು. ಇಂಗ್ಲೆಂಡಿನ ಟ್ಯಾಪ್ಲೋ ಎಂಬಲ್ಲಿ ಮಕ್ಕಳ ಸಂಧಿವಾತಕ್ಕೆಂದೇ ಇದ್ದ ಘಟಕದ ಬಾರ್ಬರಾ ಆನ್ಸೆಲ್ ಎಂಬ ವೈದ್ಯೆ, ಶಸ್ತ್ರವೈದ್ಯ ಆರ್ಡನ್ ಇವರೊಡನೆ ಸೇರಿ, ಮುದುಡಿಹೋದ ತರುಣ ತರುಣಿಯರಿಗೆ ಸೊಂಟದ ಕೀಲು ಹಾಕಿಸಿ ನಡೆಸಿದರು. ಬೆಳೆಯುವ ವಯಸ್ಸಿನಲ್ಲಿ ರೋಗ ತಗುಲಿದವರ ಮೂಳೆ ಸಣ್ಣದಾದ್ದರಿಂದ ಅವರ ಅಳತೆಗೆ ತಕ್ಕ ಕೀಲು ಬೇಕಾಗುತ್ತಿತ್ತು. ಇಬ್ಬರೂ ಕೂಡಿ ೧೯೭೮ರಲ್ಲಿ ಈ ವಿಷಯದ ಗ್ರಂಥವನ್ನೇ ಹೊರತಂದರು. ಮಂಡಿಯ ಕೀಲಿಗೂ ಇದೇ ಕಾಲದಲ್ಲಿ ದಾರಿ ತೆರೆಯಿತು: ೧೯೬೮ರಲ್ಲಿ ರೈಟಿಂಗ್ಟನ್ನಿನಲ್ಲಿದ್ದ ಕೆನಡಾದ ಗನ್‌ಸ್ಟನ್, ೧೯೭೪ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಇನ್ಸಾಲ್ ಮತ್ತು ಅವನ ಸಂಗಡಿಗರು. ಆ ಸಂಗಡಿಗರಲ್ಲಿ ಭಾರತದಿಂದ ಹೋದ ಚಿತ್ತರಂಜನ್ ರಾಣಾವತ್ ಒಬ್ಬರು. ಪ್ರಧಾನಿ ವಾಜಪೇಯಿಯವರ ಮಂಡಿಗಳಿಗೆ ೨೦೦೦–೨೦೦೧ರಲ್ಲಿ ಶಸ್ತ್ರಕ್ರಿಯೆ ಮಾಡಿದವರು ಅವರೇ.

ಹಾಗೆಂದು ಅವಸರವೇ ಲೇಸು ಎಂದು ನಾನು ಹೇಳಲಾರೆ. ಪಾಲಿಥಿಲೀನೂ ಸವೆಯುತ್ತದೆ, ಅದರ ಕಣಗಳನ್ನು ನುಂಗಲು ಬಂದ ಜೀವಕೋಶಗಳು ಪಕ್ಕದ ಮೂಳೆ ಕರಗಲು ಕಾರಣವಾಗುತ್ತವೆ. ೧೯೯೦ರ ದಶಕದ ಕೊನೆಯಲ್ಲಿ ಬಂದ ಹೆಚ್ಚು ಗಟ್ಟಿಯಾದ ಪಾಲಿಥಿಲೀನು ಈ ಸವೆತವನ್ನು ಬಹಳ ತಗ್ಗಿಸಿದೆ. ೨೦೧೯ರಲ್ಲಿ ಹಲವು ದೇಶಗಳ ದಾಖಲೆಗಳಿಂದ ತೆಗೆದ ಲೆಕ್ಕದಂತೆ ಸೊಂಟದ ಕೀಲುಗಳಲ್ಲಿ ಶೇಕಡ ೫೮, ಮಂಡಿಯ ಕೀಲುಗಳಲ್ಲಿ ಶೇಕಡ ೮೨ರಷ್ಟು ೨೫ ವರ್ಷ ಬಾಳುತ್ತವೆ. ಬ್ರಿಟನ್ನಿನ ೨೦೧೭ರ ಇನ್ನೊಂದು ಲೆಕ್ಕದಲ್ಲಿ, ಎಪ್ಪತ್ತು ದಾಟಿ ಮಂಡಿ ಬದಲಿಸಿಕೊಂಡವರಲ್ಲಿ ನೂರಕ್ಕೆ ಐವರಿಗೆ ಮಾತ್ರ ಮತ್ತೊಮ್ಮೆ ಶಸ್ತ್ರಕ್ರಿಯೆ ಬೇಕಾದರೆ, ಐವತ್ತರ ಆರಂಭದ ಗಂಡಸರಲ್ಲಿ ಮೂವತ್ತೈದು ಮಂದಿಗೆ ಬೇಕಾಗಬಹುದು. ಎರಡನೆಯದು ಮೊದಲಿನದಕ್ಕಿಂತ ಕಠಿಣ. ಆಮವಾತದವರಿಗೆ ಸೋಂಕಿನ ಭಯವೂ ಹೆಚ್ಚು. ಕತ್ತಿನ ಮೂಳೆ ಸಡಿಲವಾಗಿದ್ದರೆ ಅರಿವಳಿಕೆ ಕೊಡುವಾಗ ವಿಶೇಷ ಎಚ್ಚರಿಕೆ ಬೇಕು.

ಆದರೆ ಕಾಯುವುದಕ್ಕೂ ಬೆಲೆಯುಂಟು, ಅದು ಯಾವ ದಾಖಲೆಗೂ ಸುಲಭವಾಗಿ ಸಿಕ್ಕುವುದಿಲ್ಲ. ಮಡಿಚಿದ ಮಂಡಿ ಮಡಿಚಿದಂತೆಯೇ ಬಿಗಿಯುತ್ತದೆ, ಸ್ನಾಯು ಬತ್ತುತ್ತದೆ, ಮೂಳೆ ಮೆದುವಾಗುತ್ತದೆ. ಬೆರಳುಗಳೂ ಕೆಟ್ಟಮೇಲೆ ಊರುಗೋಲನ್ನು ಹಿಡಿಯುವ ಬಗೆ ಹೇಗೆ? ತೀರ ಕುಗ್ಗಿದ ಮೇಲೆ ಶಸ್ತ್ರಕ್ರಿಯೆಗೆ ಹೋದವರು ಆ ಬಳಿಕವೂ ಉಳಿದವರಷ್ಟು ಚೇತರಿಸುವುದಿಲ್ಲವೆಂದು ಕಂಡುಬಂದಿದೆ. ನನ್ನ ತಂಗಿ ಬೇರೊಬ್ಬ ವೈದ್ಯರ ಸಲಹೆಯಂತೆ ನಲವತ್ತರಲ್ಲಿ ಎರಡು ಮಂಡಿಗಳನ್ನೂ ಬದಲಿಸಿಕೊಂಡಳು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವಂತಿಲ್ಲ. ಬಾಗಿಲ ಮುಂದೆ ಕುಕ್ಕುರುಗಾಲಲ್ಲಿ ಕೂತು ರಂಗೋಲಿ ಹಾಕುವಂತಿಲ್ಲ. ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಾಳೆ.

ಕಾಲ ಇನ್ನೊಂದು ದಿಕ್ಕಿನಿಂದಲೂ ನೆರವಾಗಿದೆ. ೧೯೮೦ರ ದಶಕದಿಂದ ಬಳಕೆಗೆ ಬಂದ ಮೆಥೊಟ್ರೆಕ್ಸೇಟ್, ೧೯೯೮ರಿಂದ ಬಂದ ಜೈವಿಕ ಔಷಧಗಳು ಕೀಲು ಕೆಡುವುದಕ್ಕೆ ಮೊದಲೇ ರೋಗವನ್ನು ತಡೆಯಬಲ್ಲವು. ಹಲವು ದೇಶಗಳಲ್ಲಿ ಆಮವಾತಕ್ಕಾಗಿ ನಡೆಯುವ ಕೀಲಿನ ಶಸ್ತ್ರಕ್ರಿಯೆಗಳೇ ತಗ್ಗಿವೆ. ೨೦೧೭ರ ಆಗಸ್ಟಿನಲ್ಲಿ ಭಾರತ ಸರ್ಕಾರವು ಕೃತಕ ಮಂಡಿಗೆ ಗರಿಷ್ಠ ಬೆಲೆ ನಿಗದಿಮಾಡಿದಾಗ, ಸರಾಸರಿ ೧,೫೮,೩೨೪ ರೂಪಾಯಿಯಿದ್ದ ಸಾಮಾನ್ಯ ಬಗೆಯದು ೫೪,೭೨೦ಕ್ಕೆ ಇಳಿಯಿತು. ಎರಡನೆಯ ಬಾರಿಯ ಖರ್ಚಿಗೆ ಹೆದರಿ ಮೊದಲನೆಯದನ್ನೇ ಮುಂದೂಡುವ ಸಂಸಾರಗಳಿಗೆ ಇದು ಸಣ್ಣ ಮಾತಲ್ಲ.

‘ವಯಸ್ಸಾಗಲಿ’ ಎಂಬ ಮಾತು ೧೯೬೨ರಲ್ಲಿ ಒಂದು ಪ್ಲಾಸ್ಟಿಕ್ಕಿನ ಆಯುಸ್ಸನ್ನು ಕುರಿತು ಹೇಳಿದ್ದು. ಅದನ್ನು ಮನುಷ್ಯನ ಆಯುಸ್ಸಿಗೆ ಅಳತೆಗೋಲಾಗಿ ಹಿಡಿಯುವ ಮುನ್ನ ವೈದ್ಯರೂ ರೋಗಿಯೂ ಎದುರುಬದುರು ಕೂತು, ಕೀಲು ಎಷ್ಟು ವರ್ಷ ಬಾಳೀತು ಎಂಬುದರ ಜೊತೆಗೆ ಆ ವರ್ಷಗಳಲ್ಲಿ ರೋಗಿ ಹೇಗೆ ಬಾಳಬೇಕೆಂದಿದ್ದಾರೆ ಎಂಬುದನ್ನೂ ಮಾತಾಡುವುದು ನ್ಯಾಯ. ಬರ್ಲಿನ್ನಿನ ಆ ಹುಡುಗಿ, ವೈಲ್ಸನ ಆ ಆರು ಮಂದಿ ತಮ್ಮ ಎಳೆಯ ಮೈಯನ್ನೇ ಪಣವಿಟ್ಟು ಈ ವಿದ್ಯೆಗೆ ದಾರಿ ಮಾಡಿದರು. ಅದರ ಫಲ ಎಳೆಯರಿಗೆ ಕಡೆಯ ಸರದಿಯಲ್ಲಿ ದೊರೆಯಬೇಕಾಗಿಲ್ಲ.