ಕೊಲ್ಹಾಪುರದ ವಾಸ್ತವವಾದಿ ಚಿತ್ರಕಾರರು

ಕೊಲ್ಹಾಪುರದ ವಾಸ್ತವವಾದಿ ಚಿತ್ರಕಾರರು ಎಂದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ, ಕಂಡದ್ದನ್ನು ಕಂಡಂತೆ ಚಿತ್ರಿಸುವ ಪದ್ಧತಿಯನ್ನು ಕೊಲ್ಹಾಪುರ ಸಂಸ್ಥಾನದಲ್ಲಿ ಬೆಳೆಸಿದ ಕಲಾವಿದರ ಬಳಗ. ಇಂದಿನ ಬೆಳಗಾವಿ ಜಿಲ್ಲೆಯ ರಾಯಬಾಗವು ಆಗ ಈ ಸಂಸ್ಥಾನಕ್ಕೆ ಸೇರಿತ್ತು. ನಿಪ್ಪಾಣಿ, ಚಿಕ್ಕೋಡಿಗಳು ನೆರೆಯ ಊರುಗಳು. ಇದೇ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ರಾಬರ್ಟ್ ಹೆನ್ರೈ, ಜಾನ್ ಸ್ಲೋನ್ ಮೊದಲಾದವರು ಸಾಮಾನ್ಯರ ಬೀದಿಬದುಕನ್ನು ಚಿತ್ರಿಸಿ, ಮುಂದೆ 'ಆಶ್‌ಕ್ಯಾನ್ ಪಂಥ'ದವರೆಂದು ಹೆಸರಾದರು. ಅವರಲ್ಲಿ ಹಲವರು ಪತ್ರಿಕೆಗಳಿಗೆ ಚಿತ್ರ ಬರೆದು ಪಳಗಿದವರು. ಕೊಲ್ಹಾಪುರದವರಲ್ಲಿ ಹಲವರನ್ನು ಪಳಗಿಸಿದ್ದು ನಾಟಕದ ಪರದೆ.

ಅಬಾಲಾಲ್ ರಹಿಮಾನ್

ಬಳಗದ ಹಿರಿಯರಾದ ಅಬಾಲಾಲ್ ರಹಿಮಾನ್ (1860–1931) ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಶಾಹು ಮಹಾರಾಜರ ಆಶ್ರಯದಲ್ಲಿ ಆಸ್ಥಾನ ಚಿತ್ರಕಾರರಾದರು. ಆದರೂ ಅವರ ಮನಸ್ಸು ನಿಂತದ್ದು ಕೋಟಿತೀರ್ಥ ಕೆರೆಯ ನೀರು ಮತ್ತು ಬೆಳಕಿನಲ್ಲಿ. 1922ರಲ್ಲಿ ಮಹಾರಾಜರು ತೀರಿಕೊಂಡಾಗ ದುಃಖದಿಂದ ತಮ್ಮ ಚಿತ್ರಗಳನ್ನು ಅದೇ ಕೆರೆಗೆ ಎಸೆದರೆಂಬ ಪ್ರತೀತಿಯಿದೆ. ಅದು ನಿಜವಿರಲಿ, ಇಲ್ಲದಿರಲಿ, ಅವರ ಕೃತಿಗಳಲ್ಲಿ ಉಳಿದಿರುವುದು ಅಲ್ಪಭಾಗ ಮಾತ್ರ.

ಬಾಬುರಾವ್ ಪೇಂಟರ್

ಬಾಬುರಾವ್ ಕೃಷ್ಣರಾವ್ ಮೇಸ್ತ್ರಿ (1890–1954) ಯಾವ ಕಲಾಶಾಲೆಯಲ್ಲಿಯೂ ಕಲಿತವರಲ್ಲ. ಸೋದರಸಂಬಂಧಿ ಆನಂದರಾವ್ ಅವರೊಡನೆ ನಾಟಕ ಮಂಡಳಿಗಳಿಗೆ ಪರದೆಗಳನ್ನು ಬರೆದು ಇಬ್ಬರೂ 'ಪೇಂಟರ್' ಎಂದೇ ಪ್ರಸಿದ್ಧರಾದರು. ಚಪ್ಪಟೆ ಬಟ್ಟೆಯ ಮೇಲೆ ಅರಮನೆ, ಅರಣ್ಯ, ಬೀದಿಗಳ ಆಳವನ್ನು ತೋರಿಸಬೇಕಾದ ಈ ಕಸುಬಿನಲ್ಲಿ ನೆರಳು-ಬೆಳಕಿನ ಲೆಕ್ಕ ತಪ್ಪುವಂತಿರಲಿಲ್ಲ. ದಾದಾಸಾಹೇಬ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'ದಿಂದ ಪ್ರೇರಿತರಾಗಿ ಅವರು ಕ್ಯಾಮರಾ ತಯಾರಿಕೆಗೆ ತೊಡಗಿದರು. 1916ರಲ್ಲಿ ಆನಂದರಾವ್ ನಿಧನರಾದ ಬಳಿಕ ಬಾಬುರಾವ್ ಶಿಷ್ಯರ ನೆರವಿನಿಂದ ಅದನ್ನು ಪೂರ್ಣಗೊಳಿಸಿದರು. ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿಯ 'ಸೈರಂಧ್ರಿ' 1920ರಲ್ಲಿ ತೆರೆ ಕಂಡಿತು.

ಪುರಾಣದಿಂದ ರೈತನ ಕಡೆಗೆ ತಿರುಗಿದ್ದು ಈ ಬಳಗದ ಮುಖ್ಯ ಹೆಜ್ಜೆ. ನಾರಾಯಣ ಹರಿ ಆಪಟೆಯವರ ಕಥೆಯನ್ನಾಧರಿಸಿದ 'ಸಾವಕಾರಿ ಪಾಶ್' (1925) ಎಂಬ ಮೂಕಿಚಿತ್ರದಲ್ಲಿ ಸಾಹುಕಾರನ ಸಾಲಕ್ಕೆ ಭೂಮಿ ಕಳೆದುಕೊಂಡ ರೈತ ಪಟ್ಟಣಕ್ಕೆ ಹೋಗಿ ಗಿರಣಿ ಕೂಲಿಯಾಗುತ್ತಾನೆ. ತರುಣ ರೈತನ ಪಾತ್ರ ವಿ. ಶಾಂತಾರಾಂ ಅವರದು. ದೇವರ ಪವಾಡಗಳನ್ನು ನೋಡಬಯಸುತ್ತಿದ್ದ ಪ್ರೇಕ್ಷಕರು ಚಿತ್ರವನ್ನು ಅಷ್ಟಾಗಿ ಮೆಚ್ಚಲಿಲ್ಲ. ಭಾರತೀಯ ವಾಸ್ತವವಾದಿ ಚಲನಚಿತ್ರದ ಆರಂಭವೆಂಬ ಮನ್ನಣೆ ಅದಕ್ಕೆ ದೊರೆತದ್ದು ಅನಂತರ. 1936ರಲ್ಲಿ ಬಾಬುರಾವ್ ಅದೇ ಕಥೆಯನ್ನು ವಾಕ್ಚಿತ್ರವಾಗಿ ಮತ್ತೆ ತೆಗೆದರು. ಮೂಕಿಯ ಪ್ರತಿ ಈಗ ಲಭ್ಯವಿಲ್ಲ.

ಬಳಗದ ಇತರರು

ಚಿತ್ರಕಾರರೂ ಸಮಾಜ ಸುಧಾರಕರೂ ಆಗಿದ್ದ ಮಾಧವರಾವ್ ಬಾಗಲ್, 1934ರಲ್ಲಿ ಕಲಾಶಾಲೆ ತೆರೆದ ದತ್ತೋಬಾ ದಳವಿ, ನಟರೂ ಆಗಿದ್ದ ಚಂದ್ರಕಾಂತ ಮಾಂಡರೆ ಈ ಪರಂಪರೆಯವರು. ಬಾಬುರಾವ್ ಅವರಲ್ಲಿ ಪಳಗಿದ ದಾಮ್ಲೆ, ಫತ್ತೇಲಾಲ್, ಶಾಂತಾರಾಂ ಮೊದಲಾದವರು 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿದರು. ಹೀಗೆ ಚಿತ್ರೋದ್ಯಮದ ಕೇಂದ್ರವಾಗಿ ಬೆಳೆದ ಕೊಲ್ಹಾಪುರದಲ್ಲಿಯೇ, ಛತ್ರಪತಿ ಸಿನೆಟೋನ್ ಸ್ಟುಡಿಯೋದಲ್ಲಿ, 1934ರಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ಚಿತ್ರೀಕರಣ ನಡೆಯಿತು.